ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ಶಿಕ್ಷಣ ಸಪ್ತಾಹ: ನಡೆಸಿಕೊಡುವವರಿಗೆ ಒಂದು ಕೈಪಿಡಿ

ನವೆಂಬರ್ ತಿಂಗಳಲ್ಲಿ ಹಲವು ದೇಶಗಳ ವಿಶ್ವವಿದ್ಯಾನಿಲಯಗಳು ಅಂತರರಾಷ್ಟ್ರೀಯ ಶಿಕ್ಷಣ ಸಪ್ತಾಹವನ್ನು ಆಚರಿಸುತ್ತವೆ. ಅಮೆರಿಕದ ವಿದೇಶಾಂಗ ಇಲಾಖೆ ಮತ್ತು ಶಿಕ್ಷಣ ಇಲಾಖೆಗಳು ಜೊತೆಗೂಡಿ 2000ದಲ್ಲಿ ಆರಂಭಿಸಿದ ಈ ರೂಢಿ ಈಗ ಬೇರೆ ದೇಶಗಳಲ್ಲಿಯೂ ನೆಲೆ ಕಂಡಿದೆ. ಕರ್ನಾಟಕದ ಮಟ್ಟಿಗೆ ಇದು ಹೊರಗಿನಿಂದ ತಂದು ಹೊದಿಸಬೇಕಾದ ಸಂಗತಿಯೇನಲ್ಲ. ಮೈಸೂರು, ಬೆಂಗಳೂರು, ಮಣಿಪಾಲ, ಮಂಗಳೂರುಗಳಲ್ಲಿ ಇರಾನ್, ಯೆಮನ್, ಅಫ್ಘಾನಿಸ್ತಾನ ಮತ್ತು ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ದಶಕಗಳಿಂದ ಓದುತ್ತ ಬಂದಿದ್ದಾರೆ. ಆದರೆ ಅವರ ಹೆಸರಿನಲ್ಲಿ ನಡೆಯುವ ಆಚರಣೆ ಬಹುಪಾಲು ಕಡೆ ಒಂದು ಸಂಜೆಯ ವೇದಿಕೆ ಕಾರ್ಯಕ್ರಮಕ್ಕೆ ಸೀಮಿತವಾಗಿರುತ್ತದೆ: ತಮ್ಮ ತಮ್ಮ ದೇಶದ ಉಡುಪು ತೊಟ್ಟು ವಿದ್ಯಾರ್ಥಿಗಳು ವೇದಿಕೆಯ ಮೇಲೆ ನಡೆದುಹೋಗುತ್ತಾರೆ, ಒಂದು ಹಾಡು, ಒಂದು ಕುಣಿತ ಆಗುತ್ತದೆ, ಅತಿಥಿಗಳಿಗೆ ಶಾಲು ಹೊದಿಸಿ ವಂದನಾರ್ಪಣೆ ಮಾಡಲಾಗುತ್ತದೆ. ಇಷ್ಟಕ್ಕೆ ನಿಲ್ಲದೆ, ವಿದೇಶದಿಂದ ಬಂದವರು ನಮಗೆ ಪಾಠ ಹೇಳುವ, ಅವರನ್ನು ವರ್ಷವಿಡೀ ಕಾಡುವ ತೊಡಕುಗಳಿಗೆ ವಿಶ್ವವಿದ್ಯಾನಿಲಯ ಪರಿಹಾರ ಕಂಡುಕೊಡುವ ಒಂದು ವಾರವನ್ನು ಹೇಗೆ ಕಟ್ಟಬಹುದು ಎಂಬುದನ್ನು ಮೈಸೂರಿನ ಮಾನಸಗಂಗೋತ್ರಿಯಂಥ ಆವರಣವನ್ನು ಕಣ್ಣಮುಂದೆ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ದಿನ ಗೊತ್ತುಮಾಡುವುದು

ಮೊದಲು ಪರೀಕ್ಷಾಂಗದ ವೇಳಾಪಟ್ಟಿಯನ್ನು ತರಿಸಿಕೊಂಡು ನೋಡಬೇಕು. ಸೆಮಿಸ್ಟರ್ ಪರೀಕ್ಷೆಗೆ ಹದಿನೈದು ದಿನ ಇರುವಾಗ ಯಾವ ಸಪ್ತಾಹವನ್ನು ಇಟ್ಟುಕೊಂಡರೂ ಸಭಾಂಗಣ ಖಾಲಿ ಇರುತ್ತದೆ. ನವೆಂಬರ್ ಅನುಕೂಲವಾಗಿದ್ದರೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಒಂದನೆಯ ತಾರೀಖು ರಾಜ್ಯೋತ್ಸವ. 11 ಮೌಲಾನಾ ಅಬುಲ್ ಕಲಾಂ ಆಜಾದರ ಜನ್ಮದಿನ, ಅದೇ ದಿನ ರಾಷ್ಟ್ರೀಯ ಶಿಕ್ಷಣ ದಿನ. ವಿದೇಶೀ ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ಇಲ್ಲಿಗೆ ಕಳುಹಿಸುವ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು 1950ರಲ್ಲಿ ಸ್ಥಾಪಿಸಿದವರೂ ಆಜಾದರೇ. ಇನ್ನು 17 ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನ.

ಈ ಹದಿನೇಳರ ಹಿನ್ನೆಲೆಯನ್ನು ಉದ್ಘಾಟನೆಯ ದಿನ ಯಾರಾದರೂ ಒಬ್ಬ ವಿದ್ಯಾರ್ಥಿ ಐದು ನಿಮಿಷ ಹೇಳಲೇಬೇಕು ಎಂದು ನನ್ನ ಒತ್ತಾಯ. 1939ರ ಅಕ್ಟೋಬರ್ 28ರಂದು ನಾತ್ಸಿ ಆಕ್ರಮಿತ ಪ್ರಾಗ್ ನಗರದಲ್ಲಿ ನಡೆದ ಪ್ರತಿಭಟನೆಯಲ್ಲಿ ಯಾನ್ ಓಪ್ಲೆಟಾಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡು ತಗಲಿತು. ಕೆಲವು ದಿನಗಳ ಮೇಲೆ ಅವನು ತೀರಿಕೊಂಡ. ಅವನ ಅಂತ್ಯಯಾತ್ರೆ ಮತ್ತೊಂದು ಪ್ರತಿಭಟನೆಯಾದಾಗ, ನವೆಂಬರ್ 17ರಂದು ಜರ್ಮನ್ ಪಡೆಗಳು ವಿದ್ಯಾರ್ಥಿ ನಿಲಯಗಳಿಗೆ ನುಗ್ಗಿ, ಒಂಬತ್ತು ಜನರನ್ನು ಕೊಂದು, ಸಾವಿರದ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸೆರೆಶಿಬಿರಕ್ಕೆ ಸಾಗಿಸಿ, ಚೆಕ್ ವಿಶ್ವವಿದ್ಯಾನಿಲಯಗಳನ್ನೆಲ್ಲ ಮುಚ್ಚಿಸಿದವು. ಯುದ್ಧ ಮುಗಿಯುವವರೆಗೆ ಅವು ತೆರೆಯಲಿಲ್ಲ. ಇದು ಯೂರೋಪಿನ ಹಳೆಯ ಕಥೆಯೆಂದು ಯಾರಿಗಾದರೂ ಅನ್ನಿಸಿದರೆ, 2022ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನದ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಪ್ರವೇಶವೇ ನಿಷಿದ್ಧವಾಯಿತೆಂಬುದನ್ನು ನೆನೆಯಬೇಕು. ನಮ್ಮ ತರಗತಿಯ ಬೆಂಚಿನ ಮೇಲೆ ಕುಳಿತವರ ಅಕ್ಕತಂಗಿಯರ ವಿಷಯ ಅದು. ಓದುವ ಅವಕಾಶವೇ ಸಂಭ್ರಮಿಸತಕ್ಕದ್ದು ಎಂಬ ಅರಿವಿನಿಂದ ವಾರ ಆರಂಭವಾದರೆ ಮುಂದಿನ ಕಾರ್ಯಕ್ರಮಗಳಿಗೆ ತಾನಾಗಿಯೇ ಒಂದು ತೂಕ ಬರುತ್ತದೆ.

ಸಮಿತಿ ಮತ್ತು ಕಡತ

ರಾಷ್ಟ್ರೀಯ ಶಿಕ್ಷಣ ನೀತಿ 2020, ವಿದೇಶೀ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲಿ ಅವರನ್ನು ಬರಮಾಡಿಕೊಂಡು ನೆರವಾಗುವ ಪ್ರತ್ಯೇಕ ಕಚೇರಿ ಇರಬೇಕೆಂದು ಹೇಳಿದೆ. ಯುಜಿಸಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ವಿಸ್ತರಿಸುತ್ತದೆ. ಆದ್ದರಿಂದ ಸಪ್ತಾಹದ ಹೊಣೆ ಆ ಕಚೇರಿಯದೇ ಆಗಿರಲಿ. ಸಮಿತಿ ಚಿಕ್ಕದಾಗಿರಬೇಕು ಮತ್ತು ಅದರಲ್ಲಿ ಅರ್ಧದಷ್ಟು ಜನ ವಿದೇಶೀ ವಿದ್ಯಾರ್ಥಿಗಳೇ ಇರಬೇಕು. ಉಳಿದವರಲ್ಲಿ ಕನ್ನಡ ಅಧ್ಯಯನ ವಿಭಾಗದ ಒಬ್ಬ ಅಧ್ಯಾಪಕರು, ಗ್ರಂಥಪಾಲಕರು, ಎನ್‌ಎಸ್‌ಎಸ್ ಅಧಿಕಾರಿ, ಹಾಸ್ಟೆಲ್ ವಾರ್ಡನ್ ಇರಲಿ. ಮೆಸ್ಸಿನ ಮುಖ್ಯ ಅಡುಗೆಯವರನ್ನು ಮೊದಲ ಸಭೆಗೇ ಕರೆಯಬೇಕು. ಅವರನ್ನು ಕೇಳದೆ ಅಡುಗೆಯ ಕಾರ್ಯಕ್ರಮ ಹಾಕಿಕೊಂಡು ಕೊನೆಯ ಗಳಿಗೆಯಲ್ಲಿ ಒಲೆ, ಪಾತ್ರೆ, ಸಿಲಿಂಡರಿಗೆ ಪರದಾಡುವ ಸ್ಥಿತಿಯನ್ನು ಅನೇಕ ಕಡೆ ನೋಡಬಹುದು.

ಕಡತವನ್ನು ಕನಿಷ್ಠ ಎರಡು ತಿಂಗಳ ಮುಂಚೆ ಹೊರಡಿಸಿ ಕುಲಸಚಿವರ ಮತ್ತು ಹಣಕಾಸು ಅಧಿಕಾರಿಗಳ ಅನುಮೋದನೆ ಪಡೆಯುವುದು ಒಳ್ಳೆಯದು. ವಿದೇಶದಿಂದ ವಿದ್ವಾಂಸರನ್ನು ಕರೆಸಿ ವಿಚಾರ ಸಂಕಿರಣ ನಡೆಸುವ ಇರಾದೆಯಿದ್ದರೆ ಸರ್ಕಾರಿ ವಿಶ್ವವಿದ್ಯಾನಿಲಯಗಳು ಕೇಂದ್ರದ ವಿದೇಶಾಂಗ ಸಚಿವಾಲಯದ ಪೂರ್ವಾನುಮತಿಯನ್ನೂ, ಕೆಲವು ದೇಶದವರಾದರೆ ಗೃಹ ಸಚಿವಾಲಯದ ಅನುಮತಿಯನ್ನೂ ಪಡೆಯಬೇಕಾಗುತ್ತದೆ, ಬರುವವರಿಗೆ ಸಮ್ಮೇಳನದ ವೀಸಾ ಬೇಕಾಗುತ್ತದೆ. ಇದಕ್ಕೆ ಎರಡು ತಿಂಗಳು ಸಾಲದು. ಮೊದಲ ವರ್ಷ ಆ ಗೊಡವೆಗೆ ಹೋಗದೆ ನಮ್ಮ ಆವರಣದಲ್ಲೇ ಇರುವವರನ್ನು ನೆಚ್ಚಿಕೊಳ್ಳುವುದು ಜಾಣತನ.

ಕೇಳಿ ತಿಳಿಯಬೇಕಾದದ್ದು

ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವ ಮೊದಲು ಪ್ರತಿಯೊಬ್ಬ ವಿದೇಶೀ ವಿದ್ಯಾರ್ಥಿಯನ್ನೂ ಯಾರಾದರೂ ಮುಖತಃ ಕಂಡು ಮಾತನಾಡಿಸಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸೂಚನೆ ಹಾಕಿದರೆ ಸದಾ ಮುಂದೆ ಬರುವ ನಾಲ್ಕೈದು ಜನರೇ ಮತ್ತೆ ಬರುತ್ತಾರೆ. ಸಂಶೋಧನಾಲಯದ ಮೂಲೆಯಲ್ಲಿ ಕುಳಿತಿರುವ, ಇಂಗ್ಲಿಷ್ ಮಾತಾಡಲು ಹಿಂಜರಿಯುವ ಹುಡುಗಿ ಬರುವುದಿಲ್ಲ. ನೀವು ನಮಗೆ ಏನನ್ನು ಕಲಿಸಲು ಇಷ್ಟಪಡುತ್ತೀರಿ, ಯಾವ ಪ್ರಶ್ನೆಯನ್ನು ಕೇಳಿ ಕೇಳಿ ನಿಮಗೆ ಬೇಸರವಾಗಿದೆ, ಇಲ್ಲಿಯ ಯಾವ ಕೆಲಸ ನಿಮಗೆ ಇನ್ನೂ ಆಗಿಲ್ಲ ಎಂಬ ಮೂರು ಪ್ರಶ್ನೆಗಳು ಸಾಕು. ಎರಡನೆಯದಕ್ಕೆ ಬರುವ ಉತ್ತರಗಳನ್ನು ಸ್ವಯಂಸೇವಕರಿಗೆ ಓದಿ ಹೇಳಬೇಕು. ಕೂದಲನ್ನು ಮುಟ್ಟಿ ನೋಡಬಹುದೇ ಎಂದು ಕೇಳುವುದು, ನಿಮ್ಮ ದೇಶದಲ್ಲಿ ಸದಾ ಯುದ್ಧವೇ ಎಂದು ಕೇಳುವುದು ನಮ್ಮ ಹುಡುಗರಿಗೆ ಕುತೂಹಲವಾಗಿ ತೋರುತ್ತದೆ, ಕೇಳಿಸಿಕೊಳ್ಳುವವರಿಗೆ ಹಾಗೆ ತೋರುವುದಿಲ್ಲ.

ಫೋಟೋ ತೆಗೆಯಲು ಮತ್ತು ಅದನ್ನು ಪ್ರಕಟಿಸಲು ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ಒಪ್ಪದವರಿಗೆ ಕಾರಣ ಕೇಳಬಾರದು. ಕೆಲವು ದೇಶಗಳ ವಿದ್ಯಾರ್ಥಿಗಳ ಮುಖ ಜಾಲತಾಣದಲ್ಲಿ ಕಾಣಿಸಿಕೊಂಡರೆ ಊರಿನಲ್ಲಿರುವ ಅವರ ಮನೆಯವರಿಗೆ ತೊಂದರೆಯಾಗುವ ಸಂಭವವಿರುತ್ತದೆ. ಒಪ್ಪದವರ ಬ್ಯಾಡ್ಜಿಗೆ ಬೇರೆ ಬಣ್ಣದ ದಾರ ಕಟ್ಟಿ, ಛಾಯಾಗ್ರಾಹಕನಿಗೆ ಅದನ್ನು ಮುಂಚಿತವಾಗಿ ತಿಳಿಸಿದರೆ ವಾರವಿಡೀ ಗೊಂದಲ ತಪ್ಪುತ್ತದೆ.

ಧ್ವಜಗಳ ವಿಚಾರ ಇನ್ನೂ ಸೂಕ್ಷ್ಮವಾದದ್ದು. ವೇದಿಕೆಯ ಹಿಂದೆ ಸಾಲಾಗಿ ಧ್ವಜ ನಿಲ್ಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಅಲಂಕಾರ. ಆದರೆ ಅಫ್ಘಾನಿಸ್ತಾನದ ತ್ರಿವರ್ಣವನ್ನು ಇಡಬೇಕೋ ತಾಲಿಬಾನರ ಬಿಳಿಯ ಧ್ವಜವನ್ನೋ? 2024ರ ಡಿಸೆಂಬರ್‌ನಲ್ಲಿ ಆಡಳಿತ ಬದಲಾದ ಮೇಲೆ ಸಿರಿಯಾದ ಧ್ವಜವೂ ಬದಲಾಗಿದೆ. ಅಂಗಡಿಯಲ್ಲಿ ಸಿಗುವ ಹಳೆಯ ಧ್ವಜವನ್ನು ತಂದು ನಿಲ್ಲಿಸಿದರೆ ಅದು ಬರಿಯ ಅಜಾಗರೂಕತೆ ಎನಿಸುವುದಿಲ್ಲ. ಬೈಲಕುಪ್ಪೆಯ ಟಿಬೆಟನ್ ವಸತಿಯಿಂದ ಬರುವ ವಿದ್ಯಾರ್ಥಿಗಳೂ ಚೀನಾದ ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿದ್ದರೆ ತೊಡಕು ಹೆಚ್ಚುತ್ತದೆ. ಇಷ್ಟಾಗಿಯೂ ಧ್ವಜ ಬೇಕೇ ಬೇಕೆಂದು ಮೇಲಿನಿಂದ ಸೂಚನೆ ಬಂದರೆ ಭಾರತದ ಧ್ವಜ ಸಂಹಿತೆಯನ್ನು ಓದಿಕೊಳ್ಳಬೇಕು: ಎಲ್ಲ ಧ್ವಜಗಳೂ ಒಂದೇ ಅಳತೆಯಲ್ಲಿರಬೇಕು, ಸಾಲಿನ ನಡುವೆ ನಿಂತು ಸಭಿಕರ ಕಡೆ ಮುಖ ಮಾಡಿದವರ ಬಲತುದಿಯಲ್ಲಿ ನಮ್ಮ ರಾಷ್ಟ್ರಧ್ವಜವಿರಬೇಕು, ಅಲ್ಲಿಂದ ಮುಂದಕ್ಕೆ ದೇಶಗಳ ಇಂಗ್ಲಿಷ್ ಹೆಸರಿನ ಅಕ್ಷರಾನುಕ್ರಮದಲ್ಲಿ ಉಳಿದವು ಬರಬೇಕು. ನನ್ನನ್ನು ಕೇಳಿದರೆ, ಧ್ವಜಗಳ ಬದಲು ದೊಡ್ಡದೊಂದು ಭೂಪಟವನ್ನು ಗ್ರಂಥಾಲಯದ ಹಜಾರದಲ್ಲಿ ತೂಗುಹಾಕಿ, ಪ್ರತಿ ವಿದ್ಯಾರ್ಥಿಯೂ ತನ್ನ ಊರನ್ನು ಗುರುತಿಸಿ, ಆ ಊರಿನ ಹೆಸರನ್ನು ತನ್ನ ಲಿಪಿಯಲ್ಲೂ ಕನ್ನಡದಲ್ಲೂ ಬರೆದು ಅಂಟಿಸುವುದು ಎಷ್ಟೋ ಮೇಲು. ಅದರಲ್ಲಿ ಕೊಳ್ಳೇಗಾಲದ ವಿದ್ಯಾರ್ಥಿಗೂ ಗುಂಡ್ಲುಪೇಟೆಯ ವಿದ್ಯಾರ್ಥಿಗೂ ಒಂದೊಂದು ಚೀಟಿ ಇರಲಿ.

ಪಾಠ ಹೇಳುವವರು ಅವರು

ವಾರದ ಬೆನ್ನೆಲುಬು ತರಗತಿಯೇ ಆಗಿರಬೇಕು. ಪ್ರತಿದಿನ ಮಧ್ಯಾಹ್ನ ಒಂದು ಗಂಟೆ ಭಾಷೆಯ ಪಾಠ ಇಟ್ಟುಕೊಳ್ಳಿ: ಒಂದು ದಿನ ಪಾರಸಿ, ಒಂದು ದಿನ ಅರಬ್ಬಿ, ಇನ್ನೊಂದು ದಿನ ಸ್ವಾಹಿಲಿ ಅಥವಾ ಅಮ್ಹಾರಿಕ್. ಪಾಠ ಹೇಳುವವರು ಆಯಾ ದೇಶದ ವಿದ್ಯಾರ್ಥಿಗಳು, ಕೂತು ಕಲಿಯುವವರು ನಮ್ಮವರು. ಮಾನಸಗಂಗೋತ್ರಿಯ ಬಗಲಲ್ಲೇ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವಿದೆ. ಅಂಥ ಕಡೆಯ ಅನುಭವಿ ಭಾಷಾಬೋಧಕರೊಬ್ಬರು ಈ ಎಳೆಯ ಬೋಧಕರ ಜೊತೆ ಮುಂಚಿತವಾಗಿ ಒಂದು ಗಂಟೆ ಕುಳಿತು, ಮೊದಲ ಪಾಠದಲ್ಲಿ ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ತಿಳಿಸಿಕೊಟ್ಟರೆ ಪಾಠ ಚೆಲ್ಲಾಪಿಲ್ಲಿಯಾಗುವುದಿಲ್ಲ. ಲಿಪಿ ಕಲಿಸಲು ಹೋಗಬಾರದು. ಕುಶಲ ಕೇಳುವುದು, ಹೆಸರು ಹೇಳುವುದು, ಹತ್ತರವರೆಗೆ ಎಣಿಸುವುದು, ಊಟಕ್ಕೆ ಕರೆಯುವುದು ಇಷ್ಟಾದರೆ ಬೇಕಾದಷ್ಟಾಯಿತು. ಅರ್ಜಿ, ವಕೀಲ, ತಾರೀಖು, ಜಮೀನು ಎಂದು ಇರಾನಿನ ವಿದ್ಯಾರ್ಥಿನಿ ಹಲಗೆಯ ಮೇಲೆ ಬರೆಯಲು ಆರಂಭಿಸಿದರೆ ನಮ್ಮ ಹುಡುಗರು ತಾವೇ ಮುಂದಿನ ಪದಗಳನ್ನು ಸೇರಿಸುತ್ತಾರೆ.

ಇದಕ್ಕೆ ಜೋಡಿಯಾಗಿ ಸಂಜೆ ಕನ್ನಡದ ಪಾಠ ನಡೆಯಲಿ. ವಿದೇಶೀ ವಿದ್ಯಾರ್ಥಿಗೆ ಮೊದಲು ಬೇಕಾಗುವ ಕನ್ನಡ ಆಟೋದವರೊಡನೆ, ತರಕಾರಿ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ ಆಡುವ ಕನ್ನಡ. ಪಠ್ಯವನ್ನು ಹಾಗೆಯೇ ಕಟ್ಟಬೇಕು. ಬೈಲಕುಪ್ಪೆಯಿಂದ ಬರುವ ಟಿಬೆಟನ್ ವಿದ್ಯಾರ್ಥಿಗಳಲ್ಲಿ ಅನೇಕರು ಸೊಗಸಾಗಿ ಕನ್ನಡ ಮಾತನಾಡುತ್ತಾರೆ. ಅವರಿಗೆ ಇಷ್ಟವಿದ್ದರೆ ಈ ಪಾಠಗಳಿಗೆ ಅವರಷ್ಟು ಒಳ್ಳೆಯ ಸಹಾಯಕರು ಸಿಗುವುದು ಕಷ್ಟ.

ಸಂಶೋಧನಾ ವಿದ್ಯಾರ್ಥಿಗಳಿಗೆ ತಲಾ ಹತ್ತು ನಿಮಿಷ ಕೊಟ್ಟು ತಮ್ಮ ಪಿಎಚ್.ಡಿ. ವಿಷಯವನ್ನು ಪದವಿ ಕಾಲೇಜಿನ ಮಕ್ಕಳಿಗೆ ತಿಳಿಯುವಂತೆ ಹೇಳಲು ಕೇಳಿ. ಪಕ್ಕದಲ್ಲಿ ಅದೇ ವಿಭಾಗದ ಕನ್ನಡದ ವಿದ್ಯಾರ್ಥಿಯೊಬ್ಬ ನಿಂತು ಮಾತಿನ ಸಾರವನ್ನು ಕನ್ನಡದಲ್ಲಿ ಹೇಳುತ್ತ ಹೋಗಲಿ. ಚಾಮರಾಜನಗರ, ಮಂಡ್ಯದ ಕಾಲೇಜುಗಳಿಂದ ಮಕ್ಕಳನ್ನು ಬಸ್ಸಿನಲ್ಲಿ ಕರೆತರುವ ವೆಚ್ಚವನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಬೇಕು. ಯೆಮನ್‌ನ ವಿದ್ಯಾರ್ಥಿಯನ್ನು ರಸಾಯನಶಾಸ್ತ್ರದ ಸಂಶೋಧಕನೆಂದು ಮೊದಲ ಬಾರಿ ಕಂಡ ಮಕ್ಕಳಿಗೂ, ತನ್ನ ವೇಷದ ಬದಲು ತನ್ನ ಕೆಲಸದ ಬಗ್ಗೆ ಮಾತನಾಡಲು ಅವಕಾಶ ದೊರೆತ ಆ ಸಂಶೋಧಕನಿಗೂ ಅದು ಬೇರೆಯದೇ ಅನುಭವ.

ಹೊರದೇಶದ ತರಗತಿಯೊಂದರ ಜೊತೆ ಆನ್‌ಲೈನ್ ಮಾತುಕತೆ ಇಡುವುದಾದರೆ ಗಡಿಯಾರವನ್ನು ನೋಡಿಕೊಳ್ಳಿ. ನವೆಂಬರ್‌ನಲ್ಲಿ ನಮ್ಮ ಮಧ್ಯಾಹ್ನ ಮೂರೂವರೆಗೆ ನೈರೋಬಿಯಲ್ಲಿ ಮಧ್ಯಾಹ್ನ ಒಂದು, ಬರ್ಲಿನ್ನಿನಲ್ಲಿ ಬೆಳಗ್ಗೆ ಹನ್ನೊಂದು ಗಂಟೆ. ಅಮೆರಿಕದ ಪೂರ್ವತೀರವನ್ನು ಸೇರಿಸಿಕೊಳ್ಳಬೇಕಿದ್ದರೆ ನಮ್ಮ ಸಂಜೆ ಏಳಕ್ಕಿಂತ ಮುಂಚೆ ಸಾಧ್ಯವಾಗದು.

ಕಾಫಿ ಮತ್ತು ರಾಗಿ

ಆಹಾರ ಮೇಳ ಎಲ್ಲರೂ ಮಾಡುತ್ತಾರೆ. ಹತ್ತು ಮೇಜುಗಳ ಮೇಲೆ ಹತ್ತು ತಿನಿಸು ಇಟ್ಟು ಕೂಪನ್ ಮಾರುವ ಕ್ರಮವನ್ನು ಬಿಡುವುದು ಲೇಸು; ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇಲ್ಲಿ ದುಡಿಮೆ, ವ್ಯಾಪಾರ ಮಾಡುವಂತಿಲ್ಲ ಎಂಬುದನ್ನೂ ಮರೆಯಬಾರದು. ಸಾಮಾನನ್ನು ವಿಶ್ವವಿದ್ಯಾನಿಲಯವೇ ತರಿಸಿಕೊಟ್ಟು, ಬಂದವರಿಗೆ ಉಚಿತವಾಗಿ ಬಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ಕಡಿಮೆ ಪದಾರ್ಥಗಳನ್ನು ಆರಿಸಿಕೊಂಡು ಅವುಗಳ ಹಿಂದಿನ ಸಂಬಂಧವನ್ನು ತೋರಿಸಿಕೊಡಬೇಕು. ಮೈಸೂರು ಸೀಮೆಗೆ ಅಂಥ ಎರಡು ಪದಾರ್ಥಗಳಿವೆ.

ಕಾಫಿಯ ತವರು ಇಥಿಯೋಪಿಯ. ಅಲ್ಲಿಂದ ಯೆಮನ್‌ಗೆ ದಾಟಿ, ಮೋಕಾ ಬಂದರಿನ ಕಡೆಯಿಂದ ಬಾಬಾಬುಡನ್ ತಂದ ಏಳು ಬೀಜಗಳಿಂದ ಚಿಕ್ಕಮಗಳೂರಿನ ಗಿರಿಯ ಮೇಲೆ ನಮ್ಮ ಕಾಫಿ ಬೆಳೆ ಮೊದಲಾಯಿತೆಂದು ಐತಿಹ್ಯ ಹೇಳುತ್ತದೆ. ಈ ಮೂರೂ ನೆಲದವರು ಒಂದೇ ಆವರಣದಲ್ಲಿದ್ದರೆ ಅವರನ್ನು ಒಂದೇ ಒಲೆಯ ಸುತ್ತ ಕೂರಿಸದೆ ಇರುವುದು ನಷ್ಟ. ಚಿಕ್ಕಮಗಳೂರು ಅಥವಾ ಕೊಡಗಿನಿಂದ ಹುರಿಯದ ಹಸಿ ಅರೇಬಿಕಾ ಬೀಜವನ್ನು ತರಿಸಿಡಿ, ಚಿಕೋರಿ ಬೆರೆಸಿದ ಪುಡಿ ಇದಕ್ಕೆ ಬಾರದು. ಇಥಿಯೋಪಿಯದ ಕ್ರಮದಲ್ಲಿ ಬೀಜವನ್ನು ತೊಳೆದು, ಕೆಂಡದ ಮೇಲಿನ ಅಗಲ ಬಾಣಲೆಯಲ್ಲಿ ಅತಿಥಿಗಳ ಎದುರೇ ಹುರಿಯುತ್ತಾರೆ. ಬೀಜ ಹಸಿರಿನಿಂದ ಕಂದಿಗೆ, ಕಂದಿನಿಂದ ಎಣ್ಣೆಗಪ್ಪಿಗೆ ತಿರುಗಿ ಚಟಪಟ ಎನ್ನುವಾಗ, ಹುರಿಯುತ್ತಿರುವವರು ಬಾಣಲೆಯನ್ನು ಎತ್ತಿಕೊಂಡು ಕುಳಿತವರೆಲ್ಲರ ಮುಂದೆ ತಂದು ಹೊಗೆಯನ್ನು ಅವರ ಕಡೆ ಬೀಸುತ್ತಾರೆ. ಆಮೇಲೆ ಒರಳಿನಲ್ಲಿ ಕುಟ್ಟಿ, ಜೆಬೆನಾ ಎಂಬ ನೀಳ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಎಳೆಯಾಗಿ ಸುರಿಯುತ್ತಾರೆ. ಅದೇ ಪುಡಿಗೆ ಮತ್ತೆ ನೀರು ಸೇರಿಸಿ ಮೂರು ಸುತ್ತು ಕೊಡುವುದು ವಾಡಿಕೆ. ಅಬೋಲ್, ತೋನಾ, ಬರಕಾ ಎಂದು ಆ ಸುತ್ತುಗಳಿಗೆ ಹೆಸರು. ಮೂರನೆಯ ಸುತ್ತು ಮುಗಿಯುವ ಮೊದಲು ಎದ್ದು ಹೋಗುವುದು ಮರ್ಯಾದೆಯಲ್ಲ. ಆದ್ದರಿಂದ ಈ ಕಾರ್ಯಕ್ರಮಕ್ಕೆ ಒಂದೂವರೆ ಗಂಟೆಯಾದರೂ ಬೇಕು, ಮೂವತ್ತು ಜನಕ್ಕಿಂತ ಹೆಚ್ಚು ಕೂರಿಸಬಾರದು, ಕೆಂಡದ ಹೊಗೆಯಿರುವುದರಿಂದ ಮರದ ನೆರಳಿನ ಬಯಲು ಜಾಗವೇ ತಕ್ಕದ್ದು. ಬದಿಯಲ್ಲಿ ಯೆಮನ್‌ನವರು ಕಾಫಿಯ ಸಿಪ್ಪೆಗೆ ಶುಂಠಿ ಹಾಕಿ ಕಾಯಿಸುವ ಕಿಶ್ರ್ ಇರಲಿ, ಇನ್ನೊಂದು ಬದಿಯಲ್ಲಿ ನಮ್ಮ ಫಿಲ್ಟರ್ ಕಾಫಿಯ ಲೋಟ ಇರಲಿ.

ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಧಾನ್ಯ. ಕೀನ್ಯಾ, ಉಗಾಂಡಾ, ತಾನ್ಜಾನಿಯಾದ ವಿದ್ಯಾರ್ಥಿಗಳು ಮುದ್ದೆಯನ್ನು ಕಂಡಾಗ ತಮ್ಮ ಉಗಾಲಿಯನ್ನು ನೆನೆಯುವುದು ಸಹಜವೇ. ಅವರು ಬಹುಮಟ್ಟಿಗೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ, ಕೆಲವು ಸೀಮೆಗಳಲ್ಲಿ ರಾಗಿಯಲ್ಲೂ ಮಾಡುತ್ತಾರೆ. ಮೆಸ್ಸಿನಲ್ಲಿ ಒಂದು ಮಧ್ಯಾಹ್ನ ಇವೆರಡನ್ನೂ ಅಕ್ಕಪಕ್ಕ ತೊಳಸಿ ಬಡಿಸಿದರೆ ಸಾಕು, ಮಾತು ತಾನೇ ಬೆಳೆಯುತ್ತದೆ. ಇಲ್ಲಿ ನಿಲ್ಲದೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಒಂದು ದಿನದ ಪ್ರವಾಸ ಏರ್ಪಡಿಸಬೇಕು. ನಾಡು 'ರಾಗಿ ಲಕ್ಷ್ಮಣಯ್ಯ' ಎಂದು ಕರೆದ ವಿಜ್ಞಾನಿ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅಲ್ಲಿಂದಲೇ. ಆ ತಳಿಗಳು ಹಳೆಯ ಮೈಸೂರಿನ ರೈತರ ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು. ಎರಡು ಖಂಡಗಳ ವಿದ್ಯೆ ಮತ್ತು ಬೀಜ ಕೂಡಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ತಾಟಿನಲ್ಲೇ ಇರುವ ಈ ಸಾಕ್ಷ್ಯವನ್ನು ಬಿಟ್ಟು ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ.

ಯಾವ ಅಡುಗೆಯಾದರೂ ಅದರಲ್ಲಿ ಮಾಂಸ, ಮೊಟ್ಟೆ, ಹಾಲು, ಕಡಲೆಕಾಯಿ ಇವೆಯೇ ಇಲ್ಲವೇ ಎಂಬುದನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಚೀಟಿ ಬರೆದಿಡಿ, ಸೌಟುಗಳನ್ನು ಬೇರೆ ಬೇರೆ ಇಡಿ, ಹಲಾಲ್ ಮಾಂಸವೇ ಬೇಕೆನ್ನುವವರಿಗೆ ಅದನ್ನು ತರಿಸಿ.

ಇಲ್ಲಿಂದ ಹೊರಡುವವರಿಗೆ

ಅಂತರರಾಷ್ಟ್ರೀಯ ಶಿಕ್ಷಣವೆಂದರೆ ಬರುವವರದಷ್ಟೇ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿದ ಎಂ. ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ಗೆ ಹೋಗಿ, ಅಲ್ಲಿಂದ ಮರಳಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕುಳಿತು ಭಾರತದ ಸಮಾಜಶಾಸ್ತ್ರಕ್ಕೆ ಹೊಸ ದಾರಿ ತೋರಿದರು. ಅದೇ ಕಾಲೇಜಿನ ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾಕ್ಕೆ ಹೋಗಿ, ಶಿಕಾಗೊದಲ್ಲಿ ಕಲಿಸುತ್ತ ವಚನಗಳನ್ನು ಜಗತ್ತಿಗೆ ಪರಿಚಯಿಸಿದರು. ರಾಜೇಶ್ವರಿ ಚಟರ್ಜಿ 1947ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಡಾಕ್ಟರೇಟ್ ಪಡೆದು ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ತಂತ್ರಜ್ಞಾನವನ್ನು ಬೆಳೆಸಿದರು. ಎದುರು ದಿಕ್ಕಿನಿಂದ ಬಂದವರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ನೆನೆಯದಿರಲಾಗದು. ಇಂಗ್ಲಿಷಿನಲ್ಲಿ ಪದ್ಯ ಬರೆದು ತಂದ ತರುಣ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರೆಂದು ಹೇಳಿದವರು ಅವರು. ಗ್ರಂಥಾಲಯದ ಹಜಾರದಲ್ಲಿ ಇವರ ಪುಸ್ತಕಗಳನ್ನೂ ಚಿತ್ರಗಳನ್ನೂ ಇಟ್ಟು ಪ್ರದರ್ಶನ ಮಾಡಬೇಕು.

ಪ್ರದರ್ಶನದ ಪಕ್ಕದಲ್ಲೇ ವಿದ್ಯಾರ್ಥಿವೇತನದ ಮಾಹಿತಿ ಮೇಜು ಇರಲಿ. ಫುಲ್‌ಬ್ರೈಟ್–ನೆಹರೂ, ಕಾಮನ್‌ವೆಲ್ತ್, ಜರ್ಮನಿಯ ಡಾಡ್ (DAAD), ಯೂರೋಪಿನ ಎರಾಸ್ಮಸ್ ಮುಂಡಸ್‌ಗಳ ಜೊತೆಗೆ, ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮತ್ತು ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯನ್ನು ಕನ್ನಡದಲ್ಲಿಯೇ ವಿವರಿಸಬೇಕು, ಏಕೆಂದರೆ ಈ ಕೊನೆಯ ಎರಡರ ಅಗತ್ಯ ಇರುವವರಿಗೇ ಅವುಗಳ ಸುದ್ದಿ ತಡವಾಗಿ ತಲುಪುತ್ತದೆ. ಆದಾಯ ಮಿತಿ, ಕೊನೆಯ ದಿನಾಂಕಗಳು ವರ್ಷ ವರ್ಷಕ್ಕೂ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನೇ ಮುದ್ರಿಸಿ ಅಂಟಿಸಿ. ಕಮಿಷನ್ ಪಡೆದು ವಿದೇಶೀ ಕಾಲೇಜುಗಳಿಗೆ ಸೇರಿಸುವ ಏಜೆಂಟರು ಪ್ರಾಯೋಜಕತ್ವ ಕೊಡುತ್ತೇವೆಂದು ಮುಂದೆ ಬರುತ್ತಾರೆ. ಅವರಿಗೆ ಮಳಿಗೆ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಪಾಸ್‌ಪೋರ್ಟಿಗೂ ಒಂದು ಮಧ್ಯಾಹ್ನ ಮೀಸಲಿಡಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ ಶುರುವಾಯಿತು, ಆದರೂ ಎಂ.ಎ. ಮುಗಿಸುವವರೆಗೆ ಪಾಸ್‌ಪೋರ್ಟಿನ ಯೋಚನೆಯನ್ನೇ ಮಾಡದವರು ನಮ್ಮಲ್ಲಿ ಬಹಳ. ನಮ್ಮ ಕಡೆಯ ಹೆಸರುಗಳ ಇನಿಷಿಯಲ್ ಇಲ್ಲಿ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ ಮಾತ್ರ ಇರುತ್ತದೆ, ಆಧಾರ್‌ನಲ್ಲಿ ಅವು ಮುಂದಕ್ಕೆ ಬಂದಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವುಗಳನ್ನು ಬಿಡಿಸಿ ಊರಿನ ಹೆಸರೋ ತಂದೆಯ ಹೆಸರೋ ಬರೆಯಬೇಕಾಗುತ್ತದೆ, ವಿದೇಶದ ವಿಶ್ವವಿದ್ಯಾನಿಲಯ ಕುಟುಂಬದ ಹೆಸರು ಯಾವುದೆಂದು ಕೇಳುತ್ತದೆ. ಈ ನಾಲ್ಕೂ ಕಡೆ ಹೆಸರು ಹೇಗಿದೆಯೆಂದು ವಿದ್ಯಾರ್ಥಿಯೇ ಒಂದು ಹಾಳೆಯಲ್ಲಿ ಬರೆದು ನೋಡಿಕೊಂಡರೆ, ಸರಿಪಡಿಸಲು ಕಾಲಾವಕಾಶವಿರುವಾಗಲೇ ದೋಷ ಕಣ್ಣಿಗೆ ಬೀಳುತ್ತದೆ.

ಕಚೇರಿಯ ಕಿಟಕಿ ಮತ್ತು ಬಾಡಿಗೆ ಮನೆ

ವಿದೇಶೀ ವಿದ್ಯಾರ್ಥಿಗಳನ್ನು ಇಲ್ಲಿ ಏನು ಕಷ್ಟವೆಂದು ಕೇಳಿದರೆ ಸಾಮಾನ್ಯವಾಗಿ ಮೊದಲು ಬರುವ ಉತ್ತರ ಕಾಗದಪತ್ರ. 180 ದಿನಗಳಿಗಿಂತ ಹೆಚ್ಚು ಅವಧಿಯ ವಿದ್ಯಾರ್ಥಿ ವೀಸಾ ಇದ್ದವರು ಬಂದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಮಾಡಿಸಬೇಕು. ಉಳಿದುಕೊಳ್ಳಲು ಜಾಗ ಕೊಟ್ಟವರು, ಹಾಸ್ಟೆಲ್ ಆಗಲಿ ಮನೆ ಮಾಲೀಕರಾಗಲಿ, 24 ಗಂಟೆಯೊಳಗೆ ಆ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ವೀಸಾ ವಿಸ್ತರಣೆಗೆ ವಿಭಾಗದ ಬೋನಫೈಡ್ ಸರ್ಟಿಫಿಕೇಟ್, ಹಾಜರಾತಿ, ವಾಸದ ದಾಖಲೆ ಬೇಕು. ಇವುಗಳಲ್ಲಿ ಒಂದು ಪತ್ರ ಯಾವುದೋ ಮೇಜಿನ ಮೇಲೆ ಮೂರು ವಾರ ಕುಳಿತರೆ ಇತ್ತ ವೀಸಾದ ಅವಧಿ ಮುಗಿದು ದಂಡ ತೆರಬೇಕಾಗುತ್ತದೆ. ಸಪ್ತಾಹದ ಎರಡು ದಿನ, ಬೆಳಗ್ಗೆಯಿಂದ ಸಂಜೆವರೆಗೆ, ಕುಲಸಚಿವರ ಕಚೇರಿ, ಪರೀಕ್ಷಾಂಗ, ಹಾಸ್ಟೆಲ್ ಕಚೇರಿಯ ಸಿಬ್ಬಂದಿಯನ್ನು ಒಂದೇ ಕೋಣೆಯಲ್ಲಿ ಮುದ್ರೆ ಸಮೇತ ಕೂರಿಸಿ ಬಾಕಿ ಇರುವ ಪತ್ರಗಳನ್ನೆಲ್ಲ ಅಲ್ಲೇ ಕೊಡಿಸಬೇಕು. ಸ್ಥಳೀಯ ಪೊಲೀಸ್ ಇಲಾಖೆಯ ವಿದೇಶೀಯರ ನೋಂದಣಿ ಅಧಿಕಾರಿಗಳಿಗೆ ಮುಂಚಿತವಾಗಿ ಪತ್ರ ಬರೆದು ಆಹ್ವಾನಿಸಬೇಕು. ಅಧಿಕಾರಿಯ ಎದುರು ಕುರ್ಚಿಯಲ್ಲಿ ಕುಳಿತು, ಗಾಬರಿಯಿಲ್ಲದೆ ಪ್ರಶ್ನೆ ಕೇಳುವ ಅವಕಾಶವೇ ಆ ವಿದ್ಯಾರ್ಥಿಗಳಿಗೆ ಇಡೀ ವಾರದ ದೊಡ್ಡ ಉಡುಗೊರೆ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ, ಬೇರೊಬ್ಬ ವಿದೇಶೀಯನ ಕಾರಿನಿಂದಾದ ಅಪಘಾತದ ಸಿಟ್ಟಿಗೆ, ಅದಕ್ಕೆ ಸಂಬಂಧವೇ ಇಲ್ಲದ ತಾನ್ಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಮೈಬಣ್ಣ ನೋಡಿ ಬಾಡಿಗೆ ಹೇಳುವುದು, ಮನೆ ಇಲ್ಲವೆಂದು ಬಾಗಿಲಲ್ಲೇ ಕಳುಹಿಸುವುದು ಈಗಲೂ ನಡೆಯುತ್ತದೆ. ಆವರಣದ ಒಳಗೆ ಎಷ್ಟು ಆದರದಿಂದ ಬರಮಾಡಿಕೊಂಡರೂ ಗೇಟಿನ ಆಚೆ ಇದೇ ಕಾದಿದ್ದರೆ ಆ ಆದರಕ್ಕೆ ಬೆಲೆಯಿಲ್ಲ. ಆದ್ದರಿಂದ ಸರಸ್ವತೀಪುರಂ, ಕುವೆಂಪುನಗರ, ಬೋಗಾದಿಯಂಥ ಬಡಾವಣೆಗಳ ಮನೆ ಮಾಲೀಕರು, ಆಟೋ ಚಾಲಕರು, ಅಂಗಡಿಯವರನ್ನು ಒಂದು ಭಾನುವಾರ ಸಂಜೆ ಕರೆಯಬೇಕು. ಸಭೆ ಕನ್ನಡದಲ್ಲಿ ನಡೆಯಲಿ. ಬಾಡಿಗೆ ಕೊಟ್ಟರೆ ಮಾಲೀಕರು ಏನು ಮಾಡಬೇಕು, ಆನ್‌ಲೈನ್ ಫಾರಂ ತುಂಬುವುದು ಹೇಗೆ, ತೊಂದರೆ ಬಂದರೆ ವಿಶ್ವವಿದ್ಯಾನಿಲಯದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ತಿಳಿಸಿ. ಮಾಲೀಕರ ಹಿಂಜರಿಕೆಯಲ್ಲಿ ಅರ್ಧ ಪೊಲೀಸ್ ಫಾರಂನ ಭಯ. ಅದನ್ನು ತುಂಬಿ ತೋರಿಸಿದ ಮೇಲೆ ಉಳಿದ ಅರ್ಧದ ಬಗ್ಗೆ ಮಾತನಾಡುವುದು ಸುಲಭವಾಗುತ್ತದೆ. ಹಲವು ವರ್ಷಗಳಿಂದ ವಿದೇಶೀ ವಿದ್ಯಾರ್ಥಿಗಳಿಗೆ ಮನೆ ಕೊಟ್ಟಿರುವ ಹಿರಿಯರೊಬ್ಬರು ಎದ್ದು ನಾಲ್ಕು ಮಾತು ಆಡಿದರೆ ಅದು ಪ್ರಾಧ್ಯಾಪಕರ ಭಾಷಣಕ್ಕಿಂತ ಹೆಚ್ಚು ನಾಟುತ್ತದೆ.

ವೇದಿಕೆ, ಆಮೇಲೆ ಲೆಕ್ಕ

ಸಾಂಸ್ಕೃತಿಕ ಸಂಜೆ ಬೇಡವೆಂದಲ್ಲ. ಅದು ಕೊನೆಯ ದಿನ ಬರಲಿ, ಆ ಹೊತ್ತಿಗೆ ಪ್ರೇಕ್ಷಕರಿಗೆ ವೇದಿಕೆಯ ಮೇಲಿರುವವರ ಹೆಸರು ಗೊತ್ತಿರುತ್ತದೆ. ನಾಡಗೀತೆಯಿಂದ ಆರಂಭಿಸಿ, ಕುಲಪತಿಗಳದೊಂದೇ ಭಾಷಣ ಇಟ್ಟು, ಸನ್ಮಾನಗಳನ್ನು ಕೈಬಿಟ್ಟರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ತಂಡಗಳನ್ನು ದೇಶವಾರು ಮಾಡದೆ, ಊದ್ ಎಂಬ ಅರಬ್ಬಿ ತಂತಿವಾದ್ಯ ನುಡಿಸುವವನ ಜೊತೆ ಪಿಟೀಲಿನ ವಿದ್ಯಾರ್ಥಿಯನ್ನು, ಕಂಸಾಳೆಯ ಹುಡುಗರ ಜೊತೆ ಆಫ್ರಿಕಾದ ಕುಣಿತದವರನ್ನು ಎರಡು ವಾರ ಮುಂಚೆಯೇ ಒಟ್ಟಿಗೆ ಅಭ್ಯಾಸಕ್ಕೆ ಬಿಡಬೇಕು. ಅಭ್ಯಾಸದ ಆ ಎರಡು ವಾರಗಳಲ್ಲಿ ಆಗುವ ಸ್ನೇಹವೇ ಈ ಸಂಜೆಯ ನಿಜವಾದ ಗಳಿಕೆ.

ಸಪ್ತಾಹ ಮುಗಿದ ಹದಿನೈದು ದಿನಗಳೊಳಗೆ ಮುಂಗಡದ ಲೆಕ್ಕವನ್ನು ಬಿಲ್ಲುಗಳೊಡನೆ ಸಲ್ಲಿಸಿ. ಜೊತೆಗೇ, ಆರಂಭದಲ್ಲಿ ಕೇಳಿದ ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ತೆಗೆದು, ಯಾರ ಯಾವ ಕೆಲಸ ಆಯಿತು, ಯಾವುದು ಉಳಿಯಿತು, ಉಳಿದದ್ದು ಯಾವ ಅಧಿಕಾರಿಯ ಜವಾಬ್ದಾರಿ, ಯಾವ ತಾರೀಖಿನೊಳಗೆ ಆಗಬೇಕು ಎಂಬ ಪಟ್ಟಿಯನ್ನು ಕುಲಸಚಿವರ ಸಹಿಯೊಡನೆ ಹೊರಡಿಸಿ ವಿದ್ಯಾರ್ಥಿಗಳಿಗೂ ಒಂದು ಪ್ರತಿ ಕೊಡಿ. ಸಂಜೆಯ ಕನ್ನಡ ತರಗತಿಯನ್ನು ವಾರಕ್ಕೆ ಎರಡು ದಿನದಂತೆ ಸೆಮಿಸ್ಟರ್ ಮುಗಿಯುವವರೆಗೆ ಮುಂದುವರಿಸಲು ಅದೇ ಆದೇಶದಲ್ಲಿ ಅನುಮತಿ ಪಡೆದುಕೊಳ್ಳುವುದು ಸುಲಭ. ಕೊನೆಯ ವರ್ಷದಲ್ಲಿರುವವರ ಸ್ವಂತ ಇಮೇಲ್ ವಿಳಾಸವನ್ನೂ ಊರಿನ ವಿಳಾಸವನ್ನೂ ಅವರ ಒಪ್ಪಿಗೆ ಪಡೆದು ಈಗಲೇ ಬರೆದಿಟ್ಟುಕೊಳ್ಳಬೇಕು. ವಿಶ್ವವಿದ್ಯಾನಿಲಯದ ಇಮೇಲ್ ಘಟಿಕೋತ್ಸವದ ನಂತರ ನಿಂತುಹೋಗುತ್ತದೆ, ಇಲ್ಲಿಯ ಸಿಮ್ ಕಾರ್ಡ್ ವಿಮಾನ ಹತ್ತಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಮುಂದಿನ ವರ್ಷ ತೆಹರಾನಿನಿಂದಲೋ ಅಡಿಸ್ ಅಬಾಬಾದಿಂದಲೋ ಹೊಸದಾಗಿ ಬರುವ ವಿದ್ಯಾರ್ಥಿ ಹೊರಡುವ ಮೊದಲು, ಅಲ್ಲೇ ಇರುವ ಹಳೆಯ ವಿದ್ಯಾರ್ಥಿಯೊಬ್ಬರಿಂದ ಅವನಿಗೆ ಒಂದು ಫೋನ್ ಕರೆ ಹೋಗುವಂತೆ ಮಾಡಲು ಈ ಪಟ್ಟಿ ಬೇಕಾಗುತ್ತದೆ.